ಮುಖ್ಯಮಂತ್ರಿಗೆ ನೀನು ವೋಟು ಹಾಕಿಲ್ಲ

ಪುಟ್ಟೂ, ಮೊದಲ ಸಲ ವೋಟು ಹಾಕಿದ ದಿನ ಬೆರಳಿನ ಶಾಯಿ ತೋರಿಸಿ, “ಮುಖ್ಯಮಂತ್ರೀನ ಆರಿಸಿ ಬಂದೆ ದೊಡ್ಡಪ್ಪ” ಅಂದಿದ್ದೆ. ಆ ಸಂಭ್ರಮಕ್ಕೆ ತಣ್ಣೀರು ಎರಚಲು ಮನಸ್ಸಾಗಲಿಲ್ಲ. ಈಗ ಹಳ್ಳದ ಸೇತುವೆಗೆಂದು ಸೀದಾ ಮುಖ್ಯಮಂತ್ರಿಗೇ ಅರ್ಜಿ ಬರೆದು, ಉತ್ತರ ಬರಲಿಲ್ಲ ಅಂತ ಮುಖ ಊದಿಸಿಕೊಂಡು ಕೂತಿದ್ದೀಯ. ಇನ್ನು ಹೇಳಲೇಬೇಕು. ನೀನು ಆರಿಸಿದ್ದು ನಮ್ಮ ಕ್ಷೇತ್ರದ ಶಾಸಕರನ್ನು, ಅಷ್ಟೇ. ಮುಖ್ಯಮಂತ್ರಿ ಅನ್ನೋ ಗುಂಡಿ ಮತಯಂತ್ರದಲ್ಲಿ ಇರೋದೇ ಇಲ್ಲ.

ನಮ್ಮ ವಿಧಾನಸಭೆಯಲ್ಲಿ 224 ಮಂದಿ. 113 ಜನ ಯಾರ ಬೆನ್ನಿಗಿದ್ದಾರೋ ಅವರನ್ನು ರಾಜ್ಯಪಾಲರು ಕರೆದು ಪ್ರಮಾಣವಚನ ಬೋಧಿಸುತ್ತಾರೆ. ಲೆಕ್ಕವೇನೋ ಸುಲಭ, ಕೂಡಿಸೋದೇ ಕಷ್ಟ. 2018ರ ಮೇ ತಿಂಗಳು ನೆನಪಿದೆಯಾ? ನೀನಾಗ ಸ್ಕೂಲಿನಲ್ಲಿದ್ದೆ. 104 ಸ್ಥಾನ ಗೆದ್ದ ಪಕ್ಷದ ಯಡಿಯೂರಪ್ಪನವರು 17ಕ್ಕೆ ಪ್ರಮಾಣವಚನ ಸ್ವೀಕರಿಸಿದರು. ಬಹುಮತ ತೋರಿಸಲು ರಾಜ್ಯಪಾಲರು ಕೊಟ್ಟದ್ದು 15 ದಿನ. ಸುಪ್ರೀಂ ಕೋರ್ಟ್ ಅದನ್ನು 19ರ ಸಂಜೆಗೆ ಇಳಿಸಿತು. ಅವತ್ತು ವಿಶ್ವಾಸಮತಕ್ಕೆ ಮುಂಚೆಯೇ ಅವರು ರಾಜೀನಾಮೆ ಕೊಟ್ಟರು. ಆಮೇಲೆ ಬಂದ ಕುಮಾರಸ್ವಾಮಿಯವರ ಪಕ್ಷಕ್ಕಿದ್ದದ್ದು ಬರೀ 37 ಸ್ಥಾನ, ಕಾಂಗ್ರೆಸ್ ಕೈ ಹಿಡಿದಿತ್ತು. ಹದಿನಾಲ್ಕು ತಿಂಗಳಿಗೆ, 99ಕ್ಕೆ 105ರ ಮತದಲ್ಲಿ ಆ ಸರ್ಕಾರವೂ ಬಿತ್ತು. ಕಟ್ಟಿದ್ದೂ ಕೆಡವಿದ್ದೂ ಶಾಸಕರೇ, ನಾವಲ್ಲ.

ಬಹುಮತವನ್ನು ಸದನದಲ್ಲೇ ಎಣಿಸಬೇಕು ಅನ್ನೋ ತೀರ್ಪು 1994ರಲ್ಲಿ ಬಂತು. ಅದಕ್ಕೆ ಅಂಟಿಕೊಂಡಿರೋದು ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿಯವರ ಹೆಸರು. 1989ರಲ್ಲಿ ಸದನದಲ್ಲಿ ಬಲ ತೋರಿಸ್ತೀನಿ ಅಂದರೂ ಕೇಳದೆ ಅವರ ಸರ್ಕಾರವನ್ನು ವಜಾ ಮಾಡಿದ್ದರು.

ಇನ್ನು ಸಂಪುಟ. ಮುಖ್ಯಮಂತ್ರಿಯೂ ಸೇರಿ 34 ಜನ, ಅದರ ಮೇಲೆ ಒಬ್ಬರೂ ಇಲ್ಲ. ಸದನದ ಬಲದ ಶೇ. 15ಕ್ಕಿಂತ ಹೆಚ್ಚು ಮಂತ್ರಿಗಳು ಇರಬಾರದು ಅಂತ 2003ರ ತಿದ್ದುಪಡಿ ಬೇಲಿ ಹಾಕಿದೆ. ಖಾತೆ ಹಂಚಿಕೆ ಹೊತ್ತಿಗೆ ಅಷ್ಟೊಂದು ಮುನಿಸು ಯಾಕೆ ಅಂತೀಯಲ್ಲ, ಇದಕ್ಕೇ. ಉಪಮುಖ್ಯಮಂತ್ರಿ ಅನ್ನೋ ಹುದ್ದೆ ಸಂವಿಧಾನದಲ್ಲಿ ಹುಡುಕಿದರೂ ಸಿಗಲ್ಲ. ಅದು ಮುನಿಸು ಇಳಿಸೋ ಔಷಧಿ ಅಂತ ನನ್ನ ಅನುಮಾನ. ವಿಧಾನ ಪರಿಷತ್ತಿನ 75 ಮಂದಿಯಲ್ಲಿ ಯಾರಾದರೂ ಮಂತ್ರಿ ಆಗಬಹುದು, ಆದರೆ ಸರ್ಕಾರ ಬೀಳಿಸೋ ಶಕ್ತಿ ಆ ಮನೆಗಿಲ್ಲ.

ಈಗ ನಿನ್ನ ಸೇತುವೆಗೆ ಬರೋಣ. ನಾನು ಮೂವತ್ತು ವರ್ಷ ಸಚಿವಾಲಯದಲ್ಲಿ ಕಡತ ಹೊತ್ತವನು. ಮಂತ್ರಿ ಬದಲಾದಾಗ ಬಾಗಿಲ ಮೇಲಿನ ನಾಮಫಲಕ ಬದಲಾಗೋದು, ಒಳಗಿನ ಕಡತ ಅಲ್ಲೇ ಇರೋದು. ಅದು ವಿಷಯ ನಿರ್ವಾಹಕರಿಂದ ಶಾಖಾಧಿಕಾರಿಗೆ, ಅಲ್ಲಿಂದ ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಅಂತ ಮೆಟ್ಟಿಲು ಹತ್ತಿ, ಇಲಾಖೆಯ ಕಾರ್ಯದರ್ಶಿ ಮೂಲಕ ಮಂತ್ರಿಗಳ ಮೇಜಿಗೆ ಹೋಗಿ, ಅದೇ ಮೆಟ್ಟಿಲು ಇಳಿದು ಬರುತ್ತೆ. ದುಡ್ಡಿನ ಮಾತಿದ್ದರೆ ಆರ್ಥಿಕ ಇಲಾಖೆಗೆ ಒಂದು ಸುತ್ತು ಹೆಚ್ಚು. ಅಲ್ಲಿ ಮಲಗಿದ ಕಡತ ಎಬ್ಬಿಸೋದು ಕುಂಭಕರ್ಣನನ್ನು ಎಬ್ಬಿಸಿದಂತೆ.

ಪಕ್ಕದೂರಿನ ಸೇತುವೆಗೆ ಆಗಿದೆಯಲ್ಲ, ಆ ಸರ್ಕಾರಿ ಆದೇಶ ಒಮ್ಮೆ ತೆಗೆದು ನೋಡು. ಮೇಲೆ ಪ್ರಸ್ತಾವನೆ, ಆಮೇಲೆ ಆದೇಶ, ಕೊನೆಗೆ “ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ” ಅಂತ ಒಂದು ಸಾಲು. ರಾಜ್ಯಪಾಲರು ಆ ಕಾಗದ ಕಣ್ಣಿಂದಲೂ ನೋಡಿರಲ್ಲ. ತೀರ್ಮಾನ ಮಂತ್ರಿಗಳದು, ಹೆಸರು ರಾಜ್ಯಪಾಲರದು, ಕೆಳಗಿನ ಸಹಿ ಸಾಮಾನ್ಯವಾಗಿ ಒಬ್ಬ ಅಧೀನ ಕಾರ್ಯದರ್ಶಿಯದು. ಇಡೀ ಸರ್ಕಾರ ಆ ಮೂರು ಸಾಲಿನಲ್ಲಿದೆ ಕಣೇ.

ಅದಕ್ಕೇ ಅರ್ಜಿ ಮತ್ತೆ ಬರೆ. ಮೊದಲು ಸೇತುವೆ ಬರಬೇಕಾದ ರಸ್ತೆ ಲೋಕೋಪಯೋಗಿ ಇಲಾಖೆಯದೋ ಪಂಚಾಯತ್ ರಾಜ್‌ನದೋ ವಿಚಾರಿಸು. ಇದೊಂದು ತಪ್ಪಿದರೆ ಕಾಗದ ಆರು ತಿಂಗಳು ಊರು ಸುತ್ತುತ್ತೆ. ಅರ್ಜಿಯ ಒಂದೊಂದು ಪ್ರತಿ ನಮ್ಮ ಶಾಸಕರಿಗೂ ಹೋಗಲಿ, ಜಿಲ್ಲಾ ಉಸ್ತುವಾರಿ ಸಚಿವರಿಗೂ ಹೋಗಲಿ. ಬೈಗುಳ ಬೇಡ, ಮಳೆಗಾಲದಲ್ಲಿ ಎಷ್ಟು ಮಕ್ಕಳು ಸ್ಕೂಲು ತಪ್ಪಿಸ್ತಾರೆ ಅಂತ ಲೆಕ್ಕ ಬರೆ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಕಡತದ ಸಂಖ್ಯೆ ಕೇಳು. ಆಮೇಲೆ ಆ ಸಂಖ್ಯೆ ನನಗೆ ಕೊಡು, ಯಾವ ಮೆಟ್ಟಿಲಲ್ಲಿ ಕೂತಿದೆ ಅಂತ ವಿಚಾರಿಸೋಣ.