ಮಾರ್ಟಿನನ ಬದುಕನ್ನು ಲ್ಯಾಟಿನ್‌ನಲ್ಲೇ ಓದಲು

ಲ್ಯಾಟಿನ್ ಕಲಿಯಲು ಹೊರಟವರ ಕೈಗೆ ಮೊದಲು ಸಿಗುವುದು ಸಾಮಾನ್ಯವಾಗಿ ಸೀಸರನ ಯುದ್ಧವರ್ಣನೆ, ಸಿಸೆರೊನ ಭಾಷಣ. ಆರಂಭಕಾಲದ ಕ್ರೈಸ್ತ ಸಂತರ ಚರಿತ್ರೆ ಓದುವುದೇ ನಿಮ್ಮ ಆಸೆಯಾಗಿದ್ದರೆ ಅದು ಸುತ್ತುಬಳಸಿನ ದಾರಿ. ಒಂದು ಚಿಕ್ಕ ಕೃತಿಯನ್ನು ಹಿಡಿದು, ಅದಕ್ಕೆ ಬೇಕಾದ ಪದಗಳನ್ನು ಮಾತ್ರ ಕೂಡಿಸಿಕೊಳ್ಳುತ್ತ ಹೋಗುವುದು ಒಳ್ಳೆಯದು. ಕನ್ನಡ ಬಲ್ಲವರಿಗೆ, ಅದರಲ್ಲೂ ಸ್ವಲ್ಪ ಸಂಸ್ಕೃತದ ಪರಿಚಯವಿರುವವರಿಗೆ, ಈ ಕೆಲಸ ಅವರು ಅಂದುಕೊಂಡಷ್ಟು ಕಷ್ಟವಲ್ಲ.

ಹಂತ 1: ಕೃತಿಯನ್ನು ಆರಿಸಿಕೊಳ್ಳಿ

ನನ್ನ ಆಯ್ಕೆ ಸುಲ್ಪಿಸಿಯಸ್ ಸೆವೆರಸ್ ಬರೆದ ‘ವೀತಾ ಮಾರ್ಟಿನಿ’. ಇದು ಫ್ರಾನ್ಸಿನ ತೂರ್ ನಗರದ ಬಿಷಪ್ ಆಗಿದ್ದ ಸಂತ ಮಾರ್ಟಿನನ ಚರಿತ್ರೆ. ಮಾರ್ಟಿನ್ ತೀರಿಕೊಂಡದ್ದು 397ರ ನವೆಂಬರಿನಲ್ಲಿ. ಪುಸ್ತಕ ಸಿದ್ಧವಾಗುವಾಗ ಅವನಿನ್ನೂ ಬದುಕಿದ್ದ, ಲೇಖಕ ಅವನನ್ನು ಕಣ್ಣಾರೆ ಕಂಡಿದ್ದ. ಇರುವುದು 27 ಅಧ್ಯಾಯ, ಎಲ್ಲವೂ ಚಿಕ್ಕವು. ಮುಂದಿನ ಕೆಲವು ಶತಮಾನಗಳ ಸಂತಚರಿತ್ರೆಗಳು ಇದನ್ನೇ ಮಾದರಿಯಾಗಿ ಇಟ್ಟುಕೊಂಡವು. ಹಾಗಾಗಿ ಇಲ್ಲಿ ಕಲಿತ ಪದ ಎಲ್ಲಿ ಹೋದರೂ ಕೆಲಸಕ್ಕೆ ಬರುತ್ತದೆ.

ಆದರೆ ಮೊದಲ ಅಧ್ಯಾಯದಿಂದ ಶುರುಮಾಡಬೇಡಿ. ಅದು ಪೀಠಿಕೆ, ವಕೀಲನಾಗಿದ್ದ ಸೆವೆರಸ್ ಅಲ್ಲಿ ತನ್ನ ಪಾಂಡಿತ್ಯವನ್ನೆಲ್ಲ ಸುರಿದಿದ್ದಾನೆ. ಎರಡು, ಮೂರು, ನಾಲ್ಕನೆಯ ಅಧ್ಯಾಯಗಳನ್ನು ಮೊದಲು ಓದಿ. ಪೀಠಿಕೆ ಕೊನೆಗಿರಲಿ.

ಹಂತ 2: ಉಚ್ಚಾರಣೆ ಒಂದನ್ನೇ ಹಿಡಿಯಿರಿ

ಪ್ರಾಚೀನ ರೋಮಿನ ಉಚ್ಚಾರಣೆ ಒಂದು, ಇಂದಿನ ಚರ್ಚಿನದು ಇನ್ನೊಂದು. ಸನ್ಯಾಸಿಯ ಕೋಣೆಗೆ ಮೊದಲನೆಯದರಲ್ಲಿ ‘ಕೆಲ್ಲಾ’ ಎಂದರೆ, ಎರಡನೆಯದರಲ್ಲಿ ‘ಚೆಲ್ಲಾ’. ಈ ಲೇಖನದಲ್ಲಿ ಪ್ರಾಚೀನ ಉಚ್ಚಾರಣೆಯನ್ನೇ ಬಳಸಿದ್ದೇನೆ. ಹ್ರಸ್ವ ದೀರ್ಘಗಳ ಭೇದ ಅದರಲ್ಲಿ ಸ್ಪಷ್ಟ, ಕನ್ನಡ ಲಿಪಿಯಲ್ಲಿ ಅದನ್ನು ಸಲೀಸಾಗಿ ಬರೆದುಕೊಳ್ಳಬಹುದು.

ಹಂತ 3: ಇಷ್ಟು ವ್ಯಾಕರಣ ಸಾಕು

ವಿಭಕ್ತಿ ಎಂದರೇನು ಎಂದು ನಿಮಗೆ ಯಾರೂ ವಿವರಿಸಬೇಕಿಲ್ಲ. ಲ್ಯಾಟಿನ್‌ನಲ್ಲಿ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ, ಸಂಬೋಧನೆ ಇವೆ. ಇವುಗಳ ಜೊತೆಗೆ ನಮ್ಮ ಪಂಚಮಿಯ ಕೆಲಸವನ್ನೂ ತೃತೀಯಾ, ಸಪ್ತಮಿಗಳ ಹೆಚ್ಚಿನ ಕೆಲಸವನ್ನೂ ಒಂದೇ ಹೊತ್ತುಕೊಂಡ ಆರನೆಯ ವಿಭಕ್ತಿಯೊಂದಿದೆ. ಸಂತಚರಿತ್ರೆಯಲ್ಲಿ ಈ ಆರನೆಯದರ ಓಡಾಟ ವಿಪರೀತ. ‘ಸೋಲೆ ಒಕ್ಕಿದೆಂತೆ’ ಎಂದರೆ ಸೂರ್ಯ ಮುಳುಗುತ್ತಿರಲು. ‘ವೆಸ್ತೆ ದೀವೀಸಾ’ ಎಂದರೆ ಬಟ್ಟೆಯನ್ನು ಭಾಗಮಾಡಲಾಗಿ. ಸಂಸ್ಕೃತದ ಸತಿಸಪ್ತಮಿ ಬಲ್ಲವರಿಗೆ ಇದು ಹಳೆಯ ಪರಿಚಯ. ಇಂಗ್ಲಿಷಿನ ಮೂಲಕ ಕಲಿಯುವವರು ಪರದಾಡುವ ಈ ರಚನೆ ‘ಹೀಗಿರಲು’ ಎಂದು ಕಥೆ ಕೇಳಿ ಬೆಳೆದ ನಮ್ಮ ಕಿವಿಗೆ ಸಹಜವಾಗಿಯೇ ಒಗ್ಗುತ್ತದೆ.

ಕ್ರಿಯಾಪದದಲ್ಲಿ ಎರಡು ಭೂತಕಾಲಗಳನ್ನು ಗುರುತಿಸಲು ಬಂದರೆ ಕಥೆ ಮುಂದೆ ಸಾಗುತ್ತದೆ. ‘ದಬತ್’ ಎಂದರೆ ಕೊಡುತ್ತಿದ್ದನು, ‘ದೆದಿತ್’ ಎಂದರೆ ಕೊಟ್ಟನು. ಸಂತನ ಸ್ವಭಾವ, ದಿನಚರಿಗಳು ಮೊದಲನೆಯದರಲ್ಲಿ ಬರುತ್ತವೆ, ಘಟನೆಗಳು ಎರಡನೆಯದರಲ್ಲಿ.

ಹಂತ 4: ಈಗಾಗಲೇ ಗೊತ್ತಿರುವ ಪದಗಳನ್ನು ಬೇರೆ ತೆಗೆಯಿರಿ

ಸಂಸ್ಕೃತಕ್ಕೂ ಲ್ಯಾಟಿನ್‌ಗೂ ಮೂಲದಲ್ಲಿ ನೆಂಟಸ್ತಿಕೆಯಿದೆ ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕೊಲ್ಕತ್ತೆಯ ಭಾಷಣದಲ್ಲಿ ಹೇಳಿದ್ದು ಪ್ರಸಿದ್ಧ. ಆ ನೆಂಟಸ್ತಿಕೆಯ ಲಾಭ ಪಡೆಯಿರಿ. ವೀತಾ ನಮ್ಮ ಜೀವಿತ. ಫ್ರಾತೆರ್ ಭ್ರಾತೃ, ಪತೆರ್ ಪಿತೃ, ಯುವೆನಿಸ್ ಯುವಕ, ವೋಕ್ಸ್ ವಾಕ್, ಇಗ್ನಿಸ್ ಅಗ್ನಿ, ಮೊರ್ತುವುಸ್ ಮೃತ.

ಮೂರನೆಯ ಅಧ್ಯಾಯ ತೆರೆದು ನೋಡಿ. ಕೊರೆಯುವ ಚಳಿಗಾಲ, ಆಮಿಯಾಂ ಊರಿನ ಬಾಗಿಲು, ಅಲ್ಲೊಬ್ಬ ಬಡವ. ಅವನು ‘ನೂದುಸ್’, ಅಂದರೆ ನಗ್ನ. ದಾರಿಹೋಕರು ನೋಡಿಯೂ ನೋಡದಂತೆ ಹೋಗುತ್ತಾರೆ. ಹದಿನೆಂಟರ ಸೈನಿಕ ಮಾರ್ಟಿನ್ ಕತ್ತಿಯಿಂದ ತನ್ನ ಮೇಲಂಗಿಯನ್ನು ಎರಡು ಭಾಗ ಮಾಡಿ ಒಂದನ್ನು ಅವನಿಗೆ ಕೊಡುತ್ತಾನೆ. ಇಲ್ಲಿ ಬರುವ ‘ವೆಸ್ತಿಸ್’ ನಮ್ಮ ವಸ್ತ್ರದ ಬಂಧು. ಸೈನಿಕರ ಆ ಮೇಲಂಗಿಗೆ ಮಾತ್ರ ‘ಕ್ಲಮಿಸ್’ ಎಂಬ ಗ್ರೀಕ್ ಹೆಸರಿದೆ, ಅದನ್ನು ಪ್ರತ್ಯೇಕ ಕಲಿಯಬೇಕು.

ಹಂತ 5: ಗ್ರೀಕಿನಿಂದ ಬಂದ ಚರ್ಚಿನ ಪದಗಳು

ಇವು ಸುಲಭ. ಒಂದು ಪದಕ್ಕೆ ಒಂದೇ ಅರ್ಥ, ಅಲುಗಾಡುವುದಿಲ್ಲ. ಎಪಿಸ್ಕೊಪುಸ್ ಬಿಷಪ್, ಪ್ರೆಸ್ಬಿತೆರ್ ಪಾದ್ರಿ, ದಿಯಾಕೊನುಸ್ ಅವನ ಕೆಳಗಿನ ಸೇವಕ, ಮೊನಖುಸ್ ಸನ್ಯಾಸಿ, ಮೊನಾಸ್ತೇರಿಯುಮ್ ಮಠ, ದಿಯಾಬೊಲುಸ್ ಸೈತಾನ. ಎಕ್ಲೇಸಿಯಾ ಎಂದರೆ ಚರ್ಚು. ಪೋರ್ಚುಗೀಸರ ಬಾಯಿಯ ಮೂಲಕ ಇದೇ ಪದ ಮಂಗಳೂರಿಗೆ ‘ಇಗರ್ಜಿ’ಯಾಗಿ ಬಂದಿದೆ.

‘ಕತೇಕೂಮೆನುಸ್’ ಒಂದನ್ನು ಮಾತ್ರ ಗಟ್ಟಿಮಾಡಿಕೊಳ್ಳಿ. ದೀಕ್ಷಾಸ್ನಾನಕ್ಕೆ ಸಿದ್ಧನಾಗುತ್ತಿರುವವನು, ಇನ್ನೂ ಸ್ನಾನವಾಗದವನು ಎಂದರ್ಥ. ಮೇಲಂಗಿ ಕೊಟ್ಟ ರಾತ್ರಿ ಮಾರ್ಟಿನನ ಕನಸಿಗೆ ಕ್ರಿಸ್ತ ಅದೇ ಅರ್ಧ ಅಂಗಿ ಹೊದ್ದು ಬರುತ್ತಾನೆ. ಇದನ್ನು ನನಗೆ ಹೊದಿಸಿದವನು ಇನ್ನೂ ಕತೇಕೂಮೆನುಸ್ ಎಂದು ದೇವದೂತರಿಗೆ ತಿಳಿಸುತ್ತಾನೆ. ಪದದ ಅರ್ಥ ಗೊತ್ತಿಲ್ಲದವರಿಗೆ ಆ ಮಾತಿನ ತೂಕ ಸಿಗುವುದಿಲ್ಲ.

ಹಂತ 6: ಅರ್ಥ ಬದಲಾದ ರೋಮನ್ ಪದಗಳು

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಇವು ಸಿಸೆರೊನಿಗೂ ಗೊತ್ತಿದ್ದ ಪದಗಳೇ, ಆದರೆ ಕ್ರೈಸ್ತರ ಕೈಯಲ್ಲಿ ಬೇರೆ ಕೆಲಸಕ್ಕೆ ಹತ್ತಿದವು. ಶಾಲಾ ನಿಘಂಟಿನ ಮೊದಲ ಅರ್ಥ ನೆಚ್ಚಿಕೊಂಡರೆ ವಾಕ್ಯ ಅರ್ಥವಾದಂತೆ ಕಾಣುತ್ತದೆ, ಕಥೆ ಮಾತ್ರ ಕೈತಪ್ಪುತ್ತದೆ.

‘ವಿರ್ತೂಸ್’ ತೆಗೆದುಕೊಳ್ಳಿ. ‘ವಿರ್’ ಎಂದರೆ ಗಂಡಸು, ನಮ್ಮ ವೀರ ಪದದ ಬಂಧು. ಹಳೆಯ ಅರ್ಥ ಶೌರ್ಯ, ಸದ್ಗುಣ. ಸಂತಚರಿತ್ರೆಯಲ್ಲಿ ಅದು ದೇವರು ಸಂತನ ಮೂಲಕ ತೋರುವ ಶಕ್ತಿ. ಬಹುವಚನ ‘ವಿರ್ತೂತೇಸ್’ ಬಂದರೆ ಹೆಚ್ಚಾಗಿ ಪವಾಡಗಳು. ‘ಓರಾತಿಯೋ’ ಭಾಷಣವಾಗಿತ್ತು, ಪ್ರಾರ್ಥನೆಯಾಯಿತು. ‘ಫಿದೇಸ್’ ಕೊಟ್ಟ ಮಾತಿನ ನಂಬಿಕೆಯಾಗಿತ್ತು, ದೇವರಲ್ಲಿಡುವ ವಿಶ್ವಾಸವಾಯಿತು. ‘ಪೆಕ್ಕಾತುಮ್’ ತಪ್ಪಿನಿಂದ ಪಾಪಕ್ಕೆ ಇಳಿಯಿತು. ‘ಸೈಕುಲುಮ್’ ಎಂದರೆ ತಲೆಮಾರು, ಯುಗ. ಸನ್ಯಾಸಿಗಳ ಬಾಯಲ್ಲಿ ಅದು ಬಿಟ್ಟುಬರಬೇಕಾದ ಸಂಸಾರ. ‘ಪ್ಲೇಬ್ಸ್’ ರೋಮಿನ ಸಾಮಾನ್ಯ ಜನ, ಇಲ್ಲಿ ಬಿಷಪ್ಪನ ಸಭೆಯ ಭಕ್ತರು. ‘ಸಲೂಸ್’ ಎಂದರೆ ಆರೋಗ್ಯವೂ ಹೌದು, ಆತ್ಮದ ರಕ್ಷಣೆಯೂ ಹೌದು. ರೋಗ ವಾಸಿಯಾಗುವ ಕಥೆಗಳಲ್ಲಿ ಎರಡಕ್ಕೂ ಜಾಗ ಬಿಟ್ಟು ಓದಿ.

ಹೊಸ ಅರ್ಥ ಬಂತೆಂದು ಹಳೆಯದು ಅಳಿದಿಲ್ಲ. ‘ಸಕ್ರಾಮೆಂತುಮ್’ ಚರ್ಚಿನಲ್ಲಿ ಪವಿತ್ರ ಸಂಸ್ಕಾರ. ಆದರೆ ಹದಿನೈದರ ಮಾರ್ಟಿನನನ್ನು ಬಲವಂತದಿಂದ ಸೈನ್ಯಕ್ಕೆ ಸೇರಿಸುವ ಎರಡನೆಯ ಅಧ್ಯಾಯದಲ್ಲಿ ಅದು ಸೈನಿಕನ ಪ್ರಮಾಣವೇ. ನಾಲ್ಕನೆಯ ಅಧ್ಯಾಯದಲ್ಲಿ ಮಾರ್ಟಿನ್ ತನ್ನ ಸೈನ್ಯದ ಒಡೆಯ ಜೂಲಿಯನ್ ಸೀಸರನ ಮುಂದೆ ನಿಂತು, ಇಷ್ಟು ದಿನ ನಿನಗೆ ಸೈನಿಕನಾಗಿದ್ದೆ, ಇನ್ನು ದೇವರಿಗೆ ಆಗಲು ಬಿಡು ಎಂದು ಕೇಳಿಕೊಳ್ಳುತ್ತಾನೆ. ‘ಮೀಲೆಸ್’ ಎಂದರೆ ಸೈನಿಕ, ‘ಮೀಲಿತಾರೆ’ ಎಂದರೆ ಸೈನಿಕಸೇವೆ ಮಾಡು. ಒಂದೇ ಪದ ಇಬ್ಬರು ಒಡೆಯರ ನಡುವೆ ನಿಂತಿರುವುದನ್ನು ಅನುವಾದದಲ್ಲಿ ಎಷ್ಟು ಓದಿದರೂ ಇಷ್ಟು ನೇರವಾಗಿ ಕಾಣಲಾರಿರಿ. ಲ್ಯಾಟಿನ್ ಕಲಿಯುವ ಶ್ರಮಕ್ಕೆ ನನ್ನ ಪಾಲಿಗೆ ಈ ಪುಟವೊಂದೇ ಸಾಕಾದ ಕಾರಣ.

ಹಂತ 7: ಕೊಂಡಿಪದಗಳು

ಬಾಯಿಪಾಠ ಮಾಡಿ, ಬೇರೆ ಉಪಾಯವಿಲ್ಲ. ಇಗಿತುರ್ (ಆದ್ದರಿಂದ), ಇಂತೆರೆಯಾ (ಅಷ್ಟರಲ್ಲಿ), ತುಮ್ (ಆಗ), ಸ್ತತಿಮ್ (ತಕ್ಷಣ), ತಮೆನ್ (ಆದರೂ). ‘ಕುಮ್’ ಬಂದಾಗ ನಿಧಾನಿಸಿ: ಅದು ‘ಜೊತೆಗೆ’, ‘ಆದಾಗ’, ‘ಆದದ್ದರಿಂದ’, ‘ಆಗಿದ್ದರೂ’, ಈ ನಾಲ್ಕರಲ್ಲಿ ಯಾವುದೂ ಆಗಬಹುದು.

ಹಂತ 8: ಪದದ ಪುಸ್ತಕ

ನಾಮಪದವನ್ನು ಷಷ್ಠಿಯ ಜೊತೆಗೇ ಬರೆದುಕೊಳ್ಳಿ: ಮೀಲೆಸ್, ಮೀಲಿತಿಸ್. ಪದದ ಬುಡ ಷಷ್ಠಿಯಲ್ಲೇ ಕಾಣುವುದು. ಎದುರಿಗೆ ಹಳೆಯ ಅರ್ಥ, ಕ್ರೈಸ್ತ ಅರ್ಥ ಎಂದು ಎರಡು ಕಲಂ ಬಿಡಿ, ಅಧ್ಯಾಯದ ಸಂಖ್ಯೆ ಹಾಕಿ. ನಿಘಂಟಿಗೆ 1879ರ ಲೂಯಿಸ್–ಶಾರ್ಟ್ ಸಾಕು. ಚರ್ಚಿನ ಅರ್ಥಗಳನ್ನೂ ಅದು ಕೊಡುತ್ತದೆ. ಒಂದು ಅಧ್ಯಾಯವನ್ನು ನಿಘಂಟಿನೊಂದಿಗೆ ಓದಿ, ಮರುದಿನ ಅದನ್ನೇ ನಿಘಂಟಿಲ್ಲದೆ ಗಟ್ಟಿಯಾಗಿ ಓದಿ. ಎರಡನೆಯ ಓದನ್ನು ದಯವಿಟ್ಟು ಬಿಡಬೇಡಿ. ಪದಗಳು ನಿಮ್ಮವಾಗುವುದು ಆಗಲೇ.

ಹಂತ 9: ಮುಂದಿನ ಓದು

ನಾಲ್ಕರ ನಂತರ 7 (ಸತ್ತವನು ಎದ್ದದ್ದು), 10 (ಮಠದ ದಿನಚರಿ), 18 (ಪ್ಯಾರಿಸಿನ ಬಾಗಿಲಲ್ಲಿ ಕುಷ್ಠರೋಗಿಗೆ ಮುತ್ತಿಟ್ಟದ್ದು), ಆಮೇಲೆ 25. ಸೆವೆರಸ್ ತಾನೇ ಮಾರ್ಟಿನನನ್ನು ನೋಡಲು ಹೋದದ್ದು ಅಲ್ಲಿದೆ. ಮುದಿ ಬಿಷಪ್ ಅತಿಥಿಯ ಕೈಗೆ ನೀರು ಹಾಕಿ, ಸಂಜೆ ಪಾದ ತೊಳೆಯುತ್ತಾನೆ.

ಅಷ್ಟಾದ ಮೇಲೆ 203ರಲ್ಲಿ ಕಾರ್ತೇಜಿನಲ್ಲಿ ಹುತಾತ್ಮರಾದ ಪೆರ್ಪೆತುವಾ, ಫೆಲಿಸಿತಾಸ್‌ರ ವೃತ್ತಾಂತಕ್ಕೆ ಕೈಹಾಕಬಹುದು. ಅದರ 3ರಿಂದ 10ನೆಯ ಅಧ್ಯಾಯದವರೆಗಿನ ಭಾಗ ಪೆರ್ಪೆತುವಾ ಸೆರೆಮನೆಯಲ್ಲಿ ತಾನೇ ಬರೆದದ್ದೆಂದು ಗ್ರಂಥವೇ ಹೇಳುತ್ತದೆ. ವಾಕ್ಯಗಳು ಚಿಕ್ಕವು, ‘ಎತ್’ ಎಂಬ ಒಂದೇ ಕೊಂಡಿಯಿಂದ ಸಾಲಾಗಿ ಸಾಗುತ್ತವೆ. ಮಾರ್ಟಿನನ ಪದಪುಸ್ತಕ ಕೈಯಲ್ಲಿದ್ದರೆ ಹೊಸದಾಗಿ ಸೇರಿಸಬೇಕಾದವು ಮುಖ್ಯವಾಗಿ ಸೆರೆಮನೆಯ ಮತ್ತು ಅಖಾಡದ ಪದಗಳು.