ದುರ್ಗವನ್ನು ಹತ್ತಿರ ತರುವ ಬಗೆ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ, ಮಾಗಡಿ ಸೀಮೆಗೆ ಹೊಂದಿಕೊಂಡಂತೆ, ಹುತ್ರಿದುರ್ಗವೆಂಬ ಬೆಟ್ಟವಿದೆ. ಸಮುದ್ರಮಟ್ಟದಿಂದ ಸುಮಾರು 1,130 ಮೀಟರ್ ಎತ್ತರದ ಈ ಬೆಟ್ಟಕ್ಕೆ ಮಾಗಡಿಯ ಕೆಂಪೇಗೌಡರ ಮನೆತನದವರು ಕೋಟೆ ಕಟ್ಟಿಸಿದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ಇನ್ನಷ್ಟು ಬಲಗೊಂಡಿತು. 1791ರ ಡಿಸೆಂಬರಿನಲ್ಲಿ, ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ, ಇದೂ ಕಾರ್ನ್‌ವಾಲಿಸನ ಸೈನ್ಯದ ಕೈಸೇರಿತು. ಆ ಸೈನ್ಯದೊಡನೆ ಬಂದ ಚಿತ್ರಕಾರರು ಈ ಸೀಮೆಯ ದುರ್ಗಗಳನ್ನು ಬಿಡಿಸಿಕೊಂಡು ಹೋಗಿ ವಿಲಾಯತಿಯಲ್ಲಿ ಅಚ್ಚು ಹಾಕಿಸಿದರು. ಎಲ್ಲಿ ಕುಳಿತು ಬಿಡಿಸಬೇಕೆಂಬುದೇ ಅವರಿಗೆ ಮೊದಲ ಪ್ರಶ್ನೆಯಾಗಿದ್ದಿರಬೇಕು. ಇಂದು ದುರ್ಗವನ್ನು ಏರುವ ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಆದರೆ ಆ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ.

ಒಮ್ಮೆ ನಮ್ಮ ತರಗತಿಯ ಮಕ್ಕಳೊಡನೆ ಈ ಬೆಟ್ಟವನ್ನು ಏರಿದ್ದೆನು. ಒಂದಾದ ಮೇಲೊಂದು ಬಾಗಿಲನ್ನು ದಾಟಿ, ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳನ್ನು ಹತ್ತಿ, ನೆತ್ತಿಯಲ್ಲಿರುವ ಶಂಕರೇಶ್ವರನ ಗುಡಿಯನ್ನು ತಲುಪಿದೆವು. ಗೆಳೆಯರನ್ನೂ ಗುಡಿಯನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಆಸೆಯಿಂದ ಒಬ್ಬ ಹುಡುಗನು ಫೋನಿನ ಮೇಲೆಯೇ ಕಣ್ಣಿಟ್ಟು ಒಂದೊಂದೇ ಹೆಜ್ಜೆ ಹಿಂದೆ ಸರಿಯತೊಡಗಿದನು. ಅವನ ಬೆನ್ನ ಹಿಂದೆ ಬಂಡೆಯು ಇಳಿಜಾರಾಗಿ, ಆಮೇಲೆ ಇಲ್ಲವೇ ಇಲ್ಲವಾಗಿತ್ತು.

“ನಿಲ್ಲೋ ಅಲ್ಲೇ!” ಎಂದು ಕೂಗಿ ಅವನ ತೋಳನ್ನು ಹಿಡಿದೆನು.

“ಇನ್ನೆರಡು ಹೆಜ್ಜೆ ಹೋಗಿದ್ದರೆ ಗೋಪುರ ಪೂರ್ತಿ ಬರುತ್ತಿತ್ತು ಸಾರ್” ಎಂದನು.

ಅವನಿಗೆ ಬೇಕಾಗಿದ್ದುದು ಹೆಜ್ಜೆಯಲ್ಲ, ಪರದೆಯ ಕೆಳಭಾಗದಲ್ಲಿ ಕಾಣುವ ಅಂಕಿ. ಹಲವು ಫೋನುಗಳಲ್ಲಿ 0.5 ಅಥವಾ 0.6 ಎಂಬ ಗುರುತನ್ನು ಒತ್ತಿದರೆ ಕಡಿಮೆ ಸಂಗಮದೂರದ ಬೇರೊಂದು ಮಸೂರವು ಕೆಲಸಕ್ಕೆ ಬರುತ್ತದೆ. ಅದರ ನೋಟ ವಿಶಾಲವಾದುದು. ನಿಂತಲ್ಲಿಯೇ ಗುಡಿ, ಗೆಳೆಯರು, ಆಕಾಶ ಎಲ್ಲವೂ ಒಳಗೆ ಬರುತ್ತವೆ. ಅಂಚಿನಲ್ಲಿರುವವರ ಮುಖ ಮಾತ್ರ ಕೊಂಚ ಎಳೆದಂತೆ ಕಾಣುವುದರಿಂದ, ಮನುಷ್ಯರನ್ನು ನಡುವೆ ನಿಲ್ಲಿಸಬೇಕು.

ದೂರದ ವಸ್ತುವನ್ನು ದೊಡ್ಡದಾಗಿ ತೋರಿಸುವ ಕ್ರಿಯೆಗೆ ಜೂಮ್ ಎಂದು ಹೆಸರು. ಇದರಲ್ಲಿ ಎರಡು ಬಗೆ. ಹೆಚ್ಚು ಸಂಗಮದೂರದ ಮಸೂರವು ಬೆಟ್ಟದ ಬಿಂಬವನ್ನೇ ದೊಡ್ಡದಾಗಿ ಬೀಳಿಸುವುದು ಒಂದು ಬಗೆ; ಕೆಲವು ಫೋನುಗಳಲ್ಲಿ 3 ಅಥವಾ 5 ಎಂಬ ಗುರುತಿಗೆ ಇಂತಹ ಪ್ರತ್ಯೇಕ ಮಸೂರವಿರುತ್ತದೆ. ಎರಡನೆಯ ಬಗೆಯಲ್ಲಿ ಮಸೂರ ಬದಲಾಗುವುದಿಲ್ಲ. ಫೋನು ಚಿತ್ರದ ನಡುಭಾಗವನ್ನು ಮಾತ್ರ ಕತ್ತರಿಸಿಕೊಂಡು ಪರದೆಯ ತುಂಬ ಹಿಗ್ಗಿಸುತ್ತದೆ. ಬಲೂನಿನ ಮೇಲೆ ಬರೆದ ಅಕ್ಷರವು ಊದಿದಂತೆಲ್ಲ ದೊಡ್ಡದಾಗುವುದನ್ನು ನೀವು ನೋಡಿದ್ದೀರಿ. ಅಕ್ಷರ ಬೆಳೆಯಿತೇ ಹೊರತು ಮಸಿ ಬೆಳೆಯಲಿಲ್ಲ.

ಇದನ್ನು ಲೆಕ್ಕ ಮಾಡಿಯೇ ನೋಡಬಹುದು. ಒಂದು ಕ್ಯಾಮೆರಾದ ಚಿತ್ರದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲುಗಳು, ಎಂದರೆ ಬಣ್ಣದ ಚುಕ್ಕೆಗಳು, ಇವೆಯೆನ್ನಿ. ಈ ರೀತಿ 4 ಪಟ್ಟು ಹಿಗ್ಗಿಸಿದರೆ ಅಗಲದಲ್ಲಿ ಕಾಲುಭಾಗ, ಎತ್ತರದಲ್ಲಿ ಕಾಲುಭಾಗ ಉಳಿಯುತ್ತದೆ; ಹದಿನಾರನೆಯ ಒಂದು ಪಾಲು, ಅಂದರೆ 7.5 ಲಕ್ಷ ಚುಕ್ಕೆಗಳು. ಫೋನಿನಲ್ಲಿ ನೋಡುವ ನಿಲುವಿನ ಕಿರು ವೀಡಿಯೊಗಳ ಅಳತೆ ಸಾಮಾನ್ಯವಾಗಿ ಅಗಲ 1080, ಎತ್ತರ 1920. ಅದಕ್ಕೆ 20 ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳು ಬೇಕು. ಕೊರತೆಯನ್ನು ಫೋನು ಊಹೆಯಿಂದ ತುಂಬುತ್ತದೆ. ಕೋಟೆಯ ಕಲ್ಲುಗಳು ಕೆಸರು ಮೆತ್ತಿದಂತೆ ಕಾಣುವುದು ಇದರಿಂದಲೇ. ಸಾಲದೆಂಬಂತೆ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ, ಬೆಟ್ಟದ ನೆತ್ತಿಯ ಗಾಳಿಯೋ ಕೇಳುವುದೇ ಬೇಡ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಬೆನ್ನನ್ನು ಗೋಡೆಗೆ ಆನಿಸಿದರೆ ಸ್ವಲ್ಪ ಸಮಾಧಾನ.

ಆದುದರಿಂದ ಕಾಲು ಹೋಗಬಲ್ಲ ಕಡೆ ಕಾಲಿನಿಂದಲೇ ಹತ್ತಿರ ಹೋಗುವುದು ಲೇಸು. ಬಾಗಿಲುವಾಡದ ಕೆತ್ತನೆಗೆ ಜೂಮ್ ಏಕೆ? ನಾಲ್ಕು ಮೆಟ್ಟಿಲು ಏರಿದರಾಯಿತು. ಕಾಲು ಹೋಗಲಾರದ, ಹೋಗಬಾರದ ಕಡೆಗಳೂ ಇವೆ. ಬಂಡೆಯ ಅಂಚು ಅಂತಹುದು. ಹಕ್ಕಿಯ ಗೂಡೂ ಅಂತಹುದು. ಇಲ್ಲಿಗೆ ದೂರವಲ್ಲದ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಅಂತಹ ಹಕ್ಕಿಯನ್ನು ಬೆದರಿಸದೆ ನೋಡುವುದಕ್ಕೆ ಜೂಮ್‌ಗಿಂತ ಒಳ್ಳೆಯ ಉಪಾಯವಿಲ್ಲ. ಚಿತ್ರ ಮಸುಕಾದರೂ ಚಿಂತೆಯಿಲ್ಲ.

ಚಿತ್ರೀಕರಣದ ನಡುವೆ ಸರಕ್ಕನೆ ಮುಂದೆ ಹಾರಿ ಹಿಂದೆ ಬರುವ ಚಪಲವು ಹೊಸದೇನಲ್ಲ. 1970ರ ದಶಕದ ನಮ್ಮ ಚಲನಚಿತ್ರಗಳಲ್ಲಿ ಅದು ಗೀಳಿನಂತೆ ಹಬ್ಬಿತ್ತು. ಆದರೆ ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964) ಚಿತ್ರದ ಆರಂಭವನ್ನು ನೋಡಿರಿ. ಪುಸ್ತಕದಲ್ಲಿ ಮುಳುಗಿದ ಪತಿಯು ತನ್ನನ್ನು ಗಮನಿಸದೆಯೇ ನಡೆದುಹೋಗುತ್ತಾನೆ. ಕೈಯಲ್ಲಿದ್ದ ದೃಷ್ಟಿಗಾಜಿನಿಂದ ಅವನನ್ನು ನೋಡಿದ ಚಾರು ಕೈಯನ್ನು ಕೆಳಗಿಳಿಸುತ್ತಲೇ ನೋಟವು ಥಟ್ಟನೆ ಹಿಂದೆ ಸರಿಯುತ್ತದೆ. ಅವಳ ಒಂಟಿತನ ಒಂದು ಕ್ಷಣದಲ್ಲಿ ನಮಗೆ ತಿಳಿಯುತ್ತದೆ.

ಅಂದು ಮಕ್ಕಳು ಒಂದು ಪ್ರಯೋಗವನ್ನೂ ಮಾಡಿದರು. ದುರ್ಗದ ಪೂರ್ವಕ್ಕೆ ಸಾವನದುರ್ಗ ಕಾಣುತ್ತದೆ. ಸಮತಟ್ಟಾದ ಜಾಗದಲ್ಲಿ ಒಬ್ಬಳನ್ನು ಆ ಕಡೆಗೆ ಬೆನ್ನು ಮಾಡಿ ನಿಲ್ಲಿಸಿ, ಹತ್ತು ಹೆಜ್ಜೆ ದೂರದಿಂದ 1ರ ಗುರುತಿನಲ್ಲಿ ಹಿಡಿದರು. ಬೆಟ್ಟವು ಅವಳ ಹೆಗಲ ಮೇಲಿನ ಗುಬ್ಬಿಯಷ್ಟಿತ್ತು. ಆಮೇಲೆ ಮೂವತ್ತು ಹೆಜ್ಜೆ ದೂರದಿಂದ 3ರ ಗುರುತಿನಲ್ಲಿ ಹಿಡಿದರು. ಹುಡುಗಿಯು ಮೊದಲಿನಷ್ಟೇ ಇದ್ದಳು. ಹಿಂದಿನ ಬೆಟ್ಟ ಮಾತ್ರ ಮೂರು ಪಟ್ಟು ಬೆಳೆದು ಅವಳ ಬೆನ್ನಿಗೆ ಬಂದು ನಿಂತಿತ್ತು! ಮಸೂರದ ಮಾಯೆಯೆಂದು ಮಕ್ಕಳು ತಿಳಿದರು. ನಿಂತ ಜಾಗ ಬದಲಾದುದೇ ಇದರ ಕಾರಣ. ಹುಡುಗಿ ಮೂರು ಪಟ್ಟು ದೂರವಾಗಿದ್ದಳು. ಮೈಲಿಗಟ್ಟಲೆ ಆಚೆಗಿದ್ದ ಬೆಟ್ಟಕ್ಕೆ ಆ ಇಪ್ಪತ್ತು ಹೆಜ್ಜೆಗಳು ಲೆಕ್ಕಕ್ಕೇ ಇರಲಿಲ್ಲ.

ತೋಳು ಹಿಡಿಸಿಕೊಂಡ ಹುಡುಗನೇ ಆ ಎರಡನೆಯ ವೀಡಿಯೊವನ್ನು ಮನೆಯಲ್ಲಿ ತೋರಿಸಿದನಂತೆ. ಹುಟ್ಟಿದಾರಭ್ಯ ಆ ಸೀಮೆಯಲ್ಲಿಯೇ ಬದುಕಿದ ಅವನ ಅಜ್ಜಿ, “ಸಾವನದುರ್ಗ ಯಾವಾಗಪ್ಪ ಇಲ್ಲಿಗೆ ಬಂತು?” ಎಂದು ಕೇಳಿದರಂತೆ. ಮರುದಿನ ಅವನು ಮೊದಲನೆಯ ತುಣುಕನ್ನು ಅದರ ಹಿಂದೆ ಜೋಡಿಸಿಕೊಂಡು ಬಂದು ನನಗೆ ತೋರಿಸಿದನು.