ಗಡುವು ಮೀರುವ ಮುನ್ನ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಂದ ಕೆನಡಾದ ವೀಸಾಕ್ಕೆ ಅರ್ಜಿಯನ್ನಿತ್ತು ನಿರಾಕರಣೆಯ ಪತ್ರವನ್ನು ಪಡೆದ ತರುಣಮಿತ್ರರೇ, ಏಜೆಂಟರ ಆಶ್ವಾಸನೆಯನ್ನೋ ಮರು ಅರ್ಜಿಯನ್ನೋ ನೆಚ್ಚಿ ದಿನಗಳೆಯುವ ಪ್ರಮಾದಕ್ಕೆ ಒಳಗಾಗದಿರಿ. ಆ ದೇಶದ ಹೊರಗೆ ಉದ್ಭವಿಸಿದ ವಿಷಯವಾದರೆ, ನಿರ್ಣಯವು ತಿಳಿದ ದಿನದಿಂದ 60 ದಿನಗಳೊಳಗೆ, ಒಳಗಿನದಾದರೆ 15 ದಿನಗಳೊಳಗೆ, ಅಲ್ಲಿನ ಫೆಡರಲ್ ನ್ಯಾಯಾಲಯದಲ್ಲಿ ನ್ಯಾಯಿಕ ಪುನರ್ವಿಮರ್ಶೆಗೆ ಅನುಮತಿಯನ್ನು ಕೋರತಕ್ಕದ್ದು. ಮರು ಅರ್ಜಿಯಿಂದ ಈ ಗಡುವು ನಿಲ್ಲದು. ಅವಧಿ ಮೀರಿದ್ದರೆ, ಹೆಚ್ಚಿನ ಕಾಲಾವಕಾಶದ ಪ್ರಾರ್ಥನೆಯನ್ನು ಅದೇ ಅರ್ಜಿಯಲ್ಲಿ ಸೇರಿಸಿ, ವಿಳಂಬಕ್ಕೆ ಸಕಾರಣವುಂಟೆಂಬುದನ್ನೂ, ಪ್ರಶ್ನಿಸುವ ಸಂಕಲ್ಪವು ನಡುವೆ ಕಡಿಯಲಿಲ್ಲವೆಂಬುದನ್ನೂ, ಪ್ರಕರಣದಲ್ಲಿ ಹುರುಳಿದೆಯೆಂಬುದನ್ನೂ, ಪ್ರತಿಪಕ್ಷಕ್ಕೆ ಬಾಧೆಯಿಲ್ಲವೆಂಬುದನ್ನೂ ತೋರಿಸಬೇಕಾಗುವುದರಿಂದ, ಪತ್ರ, ಇಮೇಲ್‌ಗಳನ್ನು ದಿನಾಂಕಸಹಿತ ಜೋಪಾನವಾಗಿರಿಸಿಕೊಳ್ಳಿರಿ. ಕಾಲಾವಕಾಶವು ನಿಮ್ಮ ಹಕ್ಕಲ್ಲ, ನ್ಯಾಯಾಧೀಶರ ವಿವೇಚನೆಗೆ ಸೇರಿದುದು. ಆದಕಾರಣ ನಾಳೆಗೆಂದು ತಡೆಯದೆ ಇಂದೇ ಅಲ್ಲಿನ ವಕೀಲರೊಬ್ಬರ ಸಲಹೆಯನ್ನು ಪಡೆಯಿರಿ.